ರೂಪಕ ತಾಳಕ್ಕೆ ಬಂದ ‘ಮನಿ’: ಧಾರವಾಡದಲ್ಲಿ ಒಂದು ರಾಕ್ ಆಲ್ಬಂ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾಲ್ಕು ಹುಡುಗರ ಒಂದು ರಾಕ್ ಬ್ಯಾಂಡ್ ಇದೆ. ಎಂಜಿನಿಯರಿಂಗ್ ಓದುವಾಗ ಕಟ್ಟಿದ್ದು, ನೌಕರಿ ಸಿಕ್ಕ ಮೇಲೂ ಬಿಟ್ಟಿಲ್ಲ. ಅವರಿಗೆ ಬಹಳ ದಿನದ ಒಂದು ಆಸೆ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ವೇದಿಕೆ ಮೇಲೆ ನುಡಿಸಬೇಕು. 1973ರ ಮಾರ್ಚ್‌ನಲ್ಲಿ ಬಂದ ಆಲ್ಬಂ ಅದು. ಹತ್ತು ಟ್ರ್ಯಾಕ್, ಸುಮಾರು 43 ನಿಮಿಷ. ರೆಕಾರ್ಡಿನ ಪ್ರತಿ ಬದಿಯಲ್ಲೂ ಒಂದು ಹಾಡು ಇನ್ನೊಂದರೊಳಗೆ ಹರಿದು ಹೋಗುತ್ತದೆ.

ಇದನ್ನು ಇದ್ದದ್ದು ಇದ್ದ ಹಾಗೆ ನುಡಿಸುವ ಬ್ಯಾಂಡುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಧಾರವಾಡದಲ್ಲಿ ಇನ್ನೊಂದು ಯಾಕೆ ಬೇಕು? ಈ ಪ್ರಶ್ನೆ ಕೇಳಿದ್ದು ಮಾಳಮಡ್ಡಿಯ ಒಬ್ಬ ಸಿತಾರ್ ವಾದಕ. ಗಿಟಾರ್ ಹುಡುಗ ಅವರ ಹತ್ತಿರ ಆಗೊಮ್ಮೆ ಈಗೊಮ್ಮೆ ಕಲಿಯಲು ಹೋಗುತ್ತಿದ್ದ. ‘ನೀವೂ ಬರ್ರಿ ಸರ್’ ಅಂದ. ಅವರು ಬಂದರು, ಬರುವಾಗ ಇನ್ನೂ ಕೆಲವರನ್ನು ಕರೆತಂದರು. ಕಿರಾಣಾ ಘರಾಣೆಯ ಹಾಡುಗಾರಿಕೆ ಕಲಿತ ಒಬ್ಬ ಗಾಯಕಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ತಬಲಾ ಮಾಸ್ತರರು, ಹುಬ್ಬಳ್ಳಿಯ ಮದುವೆ ಬ್ಯಾಂಡಿನ ಕ್ಲ್ಯಾರಿನೆಟ್ ವಾದಕ, ಹಾವೇರಿ ಕಡೆಯ ಒಬ್ಬ ಹಲಗಿ ಕಲಾವಿದ. ಅಲ್ಲಿಗೆ ಒಂಬತ್ತು ಜನ. ಅವರಿಗೆ ಮೈಕು, ಮಿಕ್ಸರ್ ನೋಡಿಕೊಂಡವನು ನಾನು. ಹಾಗಾಗಿ ಪ್ರಾಕ್ಟೀಸಿನ ಜಗಳಗಳನ್ನೆಲ್ಲ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದೇನೆ.

ಗಿಟಾರಿಗೆ ಸಿತಾರ್ ಸೇರಿಸಿ ‘ಫ್ಯೂಜನ್’ ಅನ್ನುವುದು ಹಳೇ ಆಟ. ಅದರಲ್ಲಿ ನನಗೆ ದೊಡ್ಡ ಆಸಕ್ತಿ ಇಲ್ಲ. ಈ ಪ್ರಕರಣ ಬರೆಯುವ ಹಾಗೆ ಮಾಡಿದ್ದು ಬೇರೆ ಪ್ರಶ್ನೆ. ರೆಕಾರ್ಡನ್ನು ಸೆಕೆಂಡ್ ಲೆಕ್ಕದಲ್ಲಿ ಬಾಯಿಪಾಠ ಮಾಡಿದವರು ಮತ್ತು ಎರಡು ಸಾಲಿನ ಹಿಂದೂಸ್ತಾನಿ ಬಂದಿಶ್ ಇಟ್ಟುಕೊಂಡು ಒಂದು ತಾಸು ಹಾಡುವವರು ಒಂದೇ ಕೋಣೆಯಲ್ಲಿ ಕೂತರೆ, ಯಾರು ಏನನ್ನು ಬಿಟ್ಟುಕೊಡಬೇಕು?

ಮೊದಲ ಜಗಳ: ರೆಕಾರ್ಡ್ ದೊಡ್ಡದೋ, ಹಾಡು ದೊಡ್ಡದೋ

ರಾಕ್ ಹುಡುಗರು ಒಂದು ಚಾರ್ಟ್ ಮಾಡಿಕೊಂಡು ಬಂದಿದ್ದರು. ಎಷ್ಟನೇ ಸೆಕೆಂಡಿಗೆ ಯಾವ ವಾದ್ಯ ಒಳಗೆ ಬರಬೇಕು, ಎಷ್ಟು ಬಾರ್ (ತಾಳದ ಸುತ್ತು) ಆದ ಮೇಲೆ ಸೋಲೋ, ಎಲ್ಲ ಅದರಲ್ಲಿತ್ತು. ಡ್ರಮ್ಮರ್ ಕಿವಿಗೆ, ಲಯ ತಪ್ಪದ ಹಾಗೆ ಟಿಕ್ ಟಿಕ್ ಅನ್ನುವ ಕ್ಲಿಕ್ ಟ್ರ್ಯಾಕ್. ಗಾಯಕಿ ಚಾರ್ಟ್ ನೋಡಿ ಕೇಳಿದರು, ‘ಇದರಾಗ ನಾ ಎಲ್ಲಿ ಅದೀನಿ?’ ಅವರ ಜಾಗ 16 ಬಾರ್ ಎಂದು ಬರೆದಿತ್ತು. ‘ಹದಿನಾರು ಬಾರ್‌ನಾಗ ನಾ ಷಡ್ಜ ಹಚ್ಚೂದಾಗತೈತಿ, ಅಷ್ಟ.’

ಗಿಟಾರ್ ಹುಡುಗನ ವಾದವೂ ಸುಳ್ಳಲ್ಲ. ಜನ ಕೇಳಲು ಬರುವುದು ಆ ಆಲ್ಬಮ್ಮನ್ನು. ಗುರುತು ಸಿಗದ ಹಾಗೆ ಮಾಡಿದರೆ ಅದರ ಹೆಸರು ಯಾಕೆ ಇಟ್ಟುಕೊಳ್ಳಬೇಕು ಅನ್ನುತ್ತಿದ್ದ.

ದಾರಿ ತೋರಿಸಿದ್ದು ಆಲ್ಬಮ್ಮಿನ ಚರಿತ್ರೆಯೇ. ಪಿಂಕ್ ಫ್ಲಾಯ್ಡ್ ಇದನ್ನು ರೆಕಾರ್ಡ್ ಮಾಡಿ ಆಮೇಲೆ ಊರೂರು ತಿರುಗಿದ್ದಲ್ಲ. 1972ರ ಜನವರಿಯಿಂದಲೇ ವೇದಿಕೆ ಮೇಲೆ ನುಡಿಸುತ್ತಿದ್ದರು. ಆಗ ‘ಆನ್ ದ ರನ್’ ಇದ್ದ ಜಾಗದಲ್ಲಿ ಬರೀ ಗಿಟಾರ್–ಕೀಬೋರ್ಡ್ ಜಾಮ್ ಇತ್ತು, ಸಿಂಥಸೈಜರ್ ಇರಲಿಲ್ಲ. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ಯಲ್ಲಿ ಹೆಣ್ಣುದನಿಯೇ ಇರಲಿಲ್ಲ. ಆರ್ಗನ್ ಮೇಲೆ ಬೈಬಲ್ ಓದುವ ಧ್ವನಿ ಇತ್ತು. ಅಂದರೆ ನಮಗೆ ಗೊತ್ತಿರುವ 43 ನಿಮಿಷ ಅನ್ನುವುದು, ಒಂದು ವರ್ಷ ತಿದ್ದಿ ತೀಡಿದ್ದನ್ನು ಒಂದು ಹಂತದಲ್ಲಿ ನಿಲ್ಲಿಸಿದ್ದು. ಇದನ್ನು ಕೀಬೋರ್ಡ್ ನುಡಿಸುವವನು ಓದಿ ಹೇಳಿದಾಗ ಸಿತಾರ್ ಸರ್ ನಕ್ಕರು. ‘ಹಂಗಾದ್ರ ಅವರೂ ನಮ್ಮ ಹಂಗ ಅದಾರಲ್ಲೋ.’

ಅಲ್ಲಿಂದ ಕೆಲಸದ ರೀತಿ ಬದಲಾಯಿತು. ಪ್ರತಿ ಹಾಡಿನಲ್ಲೂ ಮುಖಡಾ ಯಾವುದು ಎಂದು ಮೊದಲು ಗೊತ್ತು ಮಾಡಿಕೊಂಡರು. ಕೇಳಿದ ತಕ್ಷಣ ‘ಇದು ಅದೇ’ ಅನ್ನಿಸುವ ತುಣುಕು ಅದು. ಅದನ್ನು ಯಾರೂ ಮುಟ್ಟುವಂತಿಲ್ಲ. ಉಳಿದದ್ದು ವಿಸ್ತಾರಕ್ಕೆ ಬಿಟ್ಟಿದ್ದು. ಕ್ಲಿಕ್ ಟ್ರ್ಯಾಕ್ ಹೋಯಿತು. ಡ್ರಮ್ಮರ್‌ಗೆ ಇದು ಕೊನೆವರೆಗೂ ಸರಿ ಬರಲಿಲ್ಲ. ಆದರೂ ನುಡಿಸಿದ.

ಕಣ್ಸನ್ನೆ ನಡೆಯಲಿಲ್ಲ

ರಾಕ್ ಬ್ಯಾಂಡುಗಳಲ್ಲಿ ಅರ್ಧ ಸಂಭಾಷಣೆ ಕಣ್ಣಲ್ಲೇ ನಡೆಯುತ್ತದೆ. ಗಿಟಾರಿನ ತುದಿ ಎತ್ತಿದರೆ ಮುಂದಿನ ಭಾಗ, ತಲೆ ಆಡಿಸಿದರೆ ಇನ್ನೊಂದು ಸುತ್ತು. ನಮ್ಮ ತಬಲಾ ಮಾಸ್ತರರಿಗೆ ಕಣ್ಣು ಕಾಣುವುದಿಲ್ಲ. ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ಆಶ್ರಮ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ್ದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಆದರೆ ರಾಕ್ ಹುಡುಗರು ಅದರ ಅರ್ಥವನ್ನು ಮೊದಲ ಸಲ ಅನುಭವಿಸಿದ್ದು ‘ಬ್ರೀದ್’ ಮುಗಿಸುವಾಗ. ಗಿಟಾರ್ ಹುಡುಗ ಸನ್ನೆ ಮಾಡಿದ, ಮೂವರು ನಿಂತರು, ತಬಲಾ ಮುಂದೆ ಹೋಯಿತು.

ಮಾಸ್ತರರು ಬೈಯಲಿಲ್ಲ. ‘ತಮ್ಮಾ, ಮುಗಸ್ತೀನಿ ಅಂತ ನಿನ್ನ ವಾದ್ಯದಾಗ ಹೇಳು. ನಾ ಕೇಳ್ತೀನಿ’ ಅಂದರು. ಆಮೇಲೆ ತಿಹಾಯಿ ಕಲಿಸಿದರು. ಒಂದೇ ತುಣುಕನ್ನು ಮೂರು ಸಲ ನುಡಿಸಿ, ಮೂರನೆಯದರ ಕೊನೆ ಪೆಟ್ಟು ಸಮ್ ಮೇಲೆ, ಅಂದರೆ ತಾಳದ ಮೊದಲ ಮಾತ್ರೆಯ ಮೇಲೆ, ಬೀಳುವ ಹಾಗೆ ಲೆಕ್ಕ ಹಾಕುವುದು. ಗಿಟಾರಿನಲ್ಲಿ ತಿಹಾಯಿ ಹಾಕಿದರೆ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ.

ನನ್ನ ಲೆಕ್ಕದಲ್ಲಿ ಇಡೀ ಪ್ರಯೋಗದಲ್ಲಿ ಆದ ದೊಡ್ಡ ಬದಲಾವಣೆ ಇದು. ಕೇಳುವವರಿಗೆ ಇದು ಗೊತ್ತಾಗುವುದಿಲ್ಲ. ಆದರೆ ಎಲ್ಲ ಸನ್ನೆಗಳೂ ಧ್ವನಿಯಲ್ಲೇ ಬರಬೇಕು ಎಂದಾದಾಗ ಒಂಬತ್ತು ಜನ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳತೊಡಗಿದರು. ನನಗೂ ಮಾನಿಟರ್ ಸ್ಪೀಕರುಗಳ ಜಾಗ ಬದಲಿಸಬೇಕಾಯಿತು. ರಾಕ್ ಬ್ಯಾಂಡಿನಲ್ಲಿ ಪ್ರತಿಯೊಬ್ಬರಿಗೂ ತಮ್ಮ ವಾದ್ಯವೇ ಜಾಸ್ತಿ ಕೇಳಬೇಕು. ಇಲ್ಲಿ ಬೇರೆಯವರದು ಜಾಸ್ತಿ ಬೇಕಾಯಿತು.

ಷಡ್ಜ ಎಲ್ಲಿ?

ಈ ಆಲ್ಬಮ್ಮಿನಲ್ಲಿ ಹಾಡಿಗೊಂದು ಷಡ್ಜ, ಅಂದರೆ ಆಧಾರದ ‘ಸ’. ಹಾರ್ಮೋನಿಯಂನ ಬಿಳಿ, ಕರಿ ಮನೆಗಳನ್ನು ಎಣಿಸಿ ಹೇಳುವುದಾದರೆ ‘ಬ್ರೀದ್’ ಬಿಳಿ 3, ‘ಟೈಮ್’ ಕರಿ 3, ‘ಗ್ರೇಟ್ ಗಿಗ್’ ಬಹುಪಾಲು ಬಿಳಿ 5, ‘ಮನಿ’ ಬಿಳಿ 7, ‘ಅಸ್ ಅಂಡ್ ದೆಮ್’ನಿಂದ ಕೊನೆವರೆಗೆ ಬಿಳಿ 2. ಗಿಟಾರಿಗೆ ಇದೇನೂ ಕಷ್ಟ ಅಲ್ಲ, ಬೆರಳು ಸರಿಸಿದರೆ ಆಯಿತು. ಸಿತಾರಿನಲ್ಲಿ ಅನುರಣನ ಕೊಡುವ ತರಫಿನ ತಂತಿಗಳನ್ನು ಹಾಡಿನಿಂದ ಹಾಡಿಗೆ ಹೀಗೆ ಮೇಲೆ ಕೆಳಗೆ ಮಾಡಲು ಆಗುವುದಿಲ್ಲ. ಸಿತಾರ್ ವಾದಕ ರಹಿಮತ್ ಖಾನರ ಕಾಲದಿಂದ ಸಿತಾರ್ ಬೇರು ಬಿಟ್ಟ ಊರು ಇದು. ಇಲ್ಲಿ ಸುಮ್ನೆ ಒಂದು ತಂತಿ ಮೀಟಿ ‘ಸಿತಾರ್ ಎಫೆಕ್ಟ್’ ಕೊಡಿ ಅಂದರೆ ನಗುತ್ತಾರೆ.

ಬಿಳಿ 2ಕ್ಕೆ ಸಿತಾರ್ ಶ್ರುತಿ ಮಾಡಿ, ‘ಬ್ರೀದ್’ ಮತ್ತು ‘ಮನಿ’ ಎರಡನ್ನೂ ಅಲ್ಲಿಗೇ ತರುವುದು ಎಂದು ತೀರ್ಮಾನವಾಯಿತು. ಆಗ ಒಂದು ಖುಷಿಯ ವಿಷಯ ಹೊರಬಿತ್ತು. ‘ಬ್ರೀದ್’ನ ಮೊದಲ ಎರಡು ಕಾರ್ಡುಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗುಂಪು) ಸಿಗುವುದು ಕೋಮಲ ಗಾಂಧಾರ, ಕೋಮಲ ನಿಷಾದ, ಉಳಿದದ್ದೆಲ್ಲ ಶುದ್ಧ. ಹಿಂದೂಸ್ತಾನಿಯಲ್ಲಿ ಈ ಸ್ವರಗಳ ಸಾಲಿಗೆ ಕಾಫಿ ಥಾಟ್ ಅನ್ನುತ್ತಾರೆ. ‘ಎನಿ ಕಲರ್ ಯು ಲೈಕ್’ ಅದೇ ಎರಡು ಕಾರ್ಡುಗಳನ್ನು ಒಂದು ಸ್ವರ ಕೆಳಗಿಟ್ಟು ನುಡಿಸಿದ್ದು. ‘ಗ್ರೇಟ್ ಗಿಗ್’ನಲ್ಲಿ ಗಾಯಕಿ ಹೆಚ್ಚು ಹೊತ್ತು ನಿಲ್ಲುವುದೂ ಕಾಫಿಯ ಸ್ವರಗಳ ಮೇಲೆ. ‘ಬ್ರೀದ್’ ಮುಂದೆ ಹೋದಂತೆ ಕೋಮಲ ಧೈವತ, ಕೋಮಲ ರಿಷಭ ಬಂದು ಶುದ್ಧಿ ಕೆಡುತ್ತದೆ. ಗಾಯಕಿ ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ‘ಮಿಶ್ರ ಕಾಫಿ ಅನ್ಕೊಳ್ರಿ, ಮುಂದ ನಡೀರಿ.’

‘ಅಸ್ ಅಂಡ್ ದೆಮ್’ ಇನ್ನೂ ಸೋಜಿಗ. ಅದರ ಚರಣದಲ್ಲಿ ಕಾರ್ಡ್ ಬದಲಾಗುತ್ತಲೇ ಇರುತ್ತದೆ, ಬೇಸ್ ಮಾತ್ರ ಷಡ್ಜ ಬಿಟ್ಟು ಕದಲುವುದಿಲ್ಲ. ಅಂದರೆ ಒಳಗೇ ಒಂದು ತಂಬೂರಿ ಇದೆ. ಮೂರನೇ ಕಾರ್ಡಿನಲ್ಲಿ ಕೋಮಲ ಗಾಂಧಾರದ ಜೊತೆ ಶುದ್ಧ ನಿಷಾದ ಬರುತ್ತದೆ. ಸಿತಾರ್ ಸರ್ ಅಲ್ಲಿ ಪಿಲೂ ರಾಗದ ಒಂದು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಳೆದರು. ಬೇಸ್ ಹುಡುಗ ನುಡಿಸುವುದನ್ನೇ ನಿಲ್ಲಿಸಿ ಕೇಳುತ್ತ ಕೂತ.

ಬಿಳಿ 5ರ ‘ಗ್ರೇಟ್ ಗಿಗ್’ ಮಾತ್ರ ಮೂಲದ ಶ್ರುತಿಯಲ್ಲೇ ಉಳಿಯಿತು. ಸಿತಾರಿನ ಮಧ್ಯಮವೇ ಅಲ್ಲಿ ಗಾಯಕಿಯ ಷಡ್ಜ. ಮಧ್ಯಮವನ್ನು ಷಡ್ಜ ಮಾಡಿಕೊಂಡು ಹಾಡುವುದು ಠುಮ್ರಿಯವರಿಗೆ ಹೊಸದಲ್ಲ. ಹುಡುಗರಿಗೆ ಅದು ಜಾದೂ ತರಹ ಕಂಡಿತು.

ಏಳು ಮಾತ್ರೆಯ ಗುದ್ದಾಟ

‘ಮನಿ’ ಏಳರ ಲೆಕ್ಕದ ಹಾಡು. ಮಾಸ್ತರರಿಗೆ ಒಮ್ಮೆ ಕೇಳಿಸಿದ ತಕ್ಷಣ ‘ರೂಪಕ ಐತಲ್ಲ ಇದು’ ಅಂದರು. ರೂಪಕ ಏಳು ಮಾತ್ರೆಯ ತಾಳ. ಮೂರು, ಎರಡು, ಎರಡು. ತೀ ತೀ ನಾ, ಧೀ ನಾ, ಧೀ ನಾ. ಲೆಕ್ಕ ಸರಿಯಾಗಿ ಕೂತಿತು. ಆದರೆ ನುಡಿಸಿದಾಗ ಕೇಳಲು ಆಗುವ ಹಾಗಿರಲಿಲ್ಲ.

ಕಾರಣ ಹುಡುಕಲು ಒಂದು ಪೂರ್ತಿ ಸಂಜೆ ಹೋಯಿತು. ರೂಪಕದಲ್ಲಿ ಸಮ್ ಇರುವುದೇ ಖಾಲಿಯ ಮೇಲೆ. ಮೊದಲ ಮಾತ್ರೆಯಲ್ಲಿ ಎಡಗೈಯ ಡಗ್ಗಾದ ಗುಂಕಿ ಇರುವುದಿಲ್ಲ, ತಾಳ ಅಲ್ಲಿ ಹಗುರಾಗುತ್ತದೆ. ಆದರೆ ‘ಮನಿ’ಯ ಬೇಸ್ ತುಣುಕು ಮೊದಲ ಮಾತ್ರೆಯ ಮೇಲೇ ಕಾಲೂರಿ ನಿಲ್ಲುತ್ತದೆ. ತಬಲಾ ಹಗುರಾಗುವ ಜಾಗದಲ್ಲಿ ಬೇಸ್ ಭಾರ, ತಬಲಾ ಭಾರ ಆಗುವ ನಾಲ್ಕನೇ ಮಾತ್ರೆಯಲ್ಲಿ ಡ್ರಮ್ಮೂ ಸೇರಿ ಗದ್ದಲ.

ಡ್ರಮ್ಮರ್ ತಾನು ಜೋರಾಗಿ ಬಾರಿಸಿ ಸರಿ ಮಾಡುತ್ತೇನೆ ಅಂದ. ಮಾಸ್ತರರು ಬೇಡ ಅಂದರು. ಅವರ ಸಲಹೆ ಉಲ್ಟಾ ಇತ್ತು. ‘ಸಮ್ ನನ್ನದಲ್ಲ, ಆ ಬೇಸಿನ ಹುಡುಗಂದು. ನನ್ನ ಡಗ್ಗಾ ಮಾಡೂ ಕೆಲಸ ಅಂವ ಮಾಡಾಕತ್ತಾನ. ಅಂವಗ ಬಿಡ್ರಿ.’ ಬೇಸ್ ಗಿಟಾರ್ ಸಮ್ ಹಿಡಿಯಿತು, ತಬಲಾ ಮೊದಲ ಮೂರು ಮಾತ್ರೆ ಬರೀ ಬಲಗೈಯ ಚಾಟಿಯಲ್ಲಿ ನಡೆಯಿತು, ಡ್ರಮ್ಮರ್ ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಬಿಟ್ಟು ಹೈ–ಹ್ಯಾಟ್ ತಟ್ಟೆಗಳ ಮೇಲೆ ಮಾತ್ರ ಉಳಿದ. ಅಷ್ಟೇ ಮಾಡಿದ್ದು. ಹಾಡು ತಾನಾಗಿ ಉರುಳತೊಡಗಿತು.

ಮೂಲ ಹಾಡಿನಲ್ಲಿ ಗಿಟಾರ್ ಸೋಲೋ ಬಂದಾಗ ಏಳು ಬಿಟ್ಟು ನಾಲ್ಕರ ನಡೆಗೆ ಹೋಗುತ್ತಾರೆ. ಏಳರಲ್ಲಿ ಸೋಲೋ ನುಡಿಸುವುದು ರಾಕ್ ಗಿಟಾರಿಸ್ಟುಗಳಿಗೆ ಕಿರಿಕಿರಿ. ಮಾಸ್ತರರಿಗೆ ಇದು ಅರ್ಥವೇ ಆಗಲಿಲ್ಲ. ನೆಟ್ಟಗೆ ನಡೆಯುತ್ತಿರುವ ತಾಳ ಯಾಕೆ ಬಿಡಬೇಕು? ಕೊನೆಗೆ ಗಿಟಾರ್ ಹುಡುಗ ನಾಲ್ಕರಲ್ಲೇ ನುಡಿಸಿದ, ಮಾಸ್ತರರು ಎಂಟು ಮಾತ್ರೆಯ ಕೆಹರವಾ ಕೊಟ್ಟರು. ಕ್ಲ್ಯಾರಿನೆಟ್ ಮಾತ್ರ ಏಳರಲ್ಲೇ ಉಳಿಯಿತು. ಮೂಲದಲ್ಲಿ ಡಿಕ್ ಪ್ಯಾರಿಯ ಸ್ಯಾಕ್ಸೋಫೋನ್ ಇರುವ ಜಾಗ ಅದು. ನಮ್ಮ ಕ್ಲ್ಯಾರಿನೆಟ್ ಕಾಕಾ ನೊಟೇಶನ್ ಓದುವುದಿಲ್ಲ. ಮೊಬೈಲಿನಲ್ಲಿ ಒಂದೆರಡು ಸಲ ಕೇಳಿದರು, ಹೂಂ ಅಂದರು, ನುಡಿಸಿದರು. ಸ್ಯಾಕ್ಸ್‌ನ ಗಡಸು ಬರಲಿಲ್ಲ. ಬಂದದ್ದು ವರನ ಮೆರವಣಿಗೆಯ ಮಸ್ತಿ. ರೊಕ್ಕದ ಬಗ್ಗೆ ಕುಹಕ ಮಾಡುವ ಹಾಡಿಗೆ ಮದುವೆ ಬ್ಯಾಂಡಿನ ಧ್ವನಿ ನನಗಂತೂ ಮೂಲಕ್ಕಿಂತ ಚೆನ್ನಾಗಿ ಒಪ್ಪಿತು.

ಈ ಹಾಡು ಶುರುವಾಗುವುದು ನಾಣ್ಯ, ಗಲ್ಲಾಪೆಟ್ಟಿಗೆಯ ಸದ್ದಿನಿಂದ. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಏಳು ಸದ್ದುಗಳನ್ನು ಟೇಪಿನಲ್ಲಿ ಕತ್ತರಿಸಿ ಜೋಡಿಸಿ ಸುತ್ತು ಹಾಕಿದ್ದ. ಇಲ್ಲಿ ನಾಣ್ಯ ಎಣಿಸುವವರು ಎಷ್ಟು ಜನ ಉಳಿದಿದ್ದಾರೆ? ಕೀಬೋರ್ಡ್ ಹುಡುಗ ದುರ್ಗದ ಬೈಲಿನ ಒಂದು ಅಂಗಡಿಗೆ ಹೋಗಿ, ಅಂಗಡಿಯವರನ್ನು ಕೇಳಿ, ಅವರ ಸೌಂಡ್ ಬಾಕ್ಸ್ ರೆಕಾರ್ಡ್ ಮಾಡಿಕೊಂಡು ಬಂದ. ‘ರೂಪಾಯಿ ಸ್ವೀಕರಿಸಲಾಗಿದೆ’ ಅನ್ನುವ ಆ ಯಂತ್ರದ ದನಿಯನ್ನು ಏಳು ಮಾತ್ರೆಗೆ ಕತ್ತರಿಸಿದ. ಪ್ರದರ್ಶನದ ದಿನ ಇಡೀ ಹಾಲ್ ಒಟ್ಟಿಗೆ ನಕ್ಕಿದ್ದು ಇದೊಂದಕ್ಕೇ.

ಆಲಾಪ ಹಾಡಿದವರು ಯಾರ ಲೆಕ್ಕಕ್ಕೆ?

‘ಗ್ರೇಟ್ ಗಿಗ್’ನಲ್ಲಿ ಮಾತೇ ಇಲ್ಲ, ಬರೀ ಕೂಗು. ಅದನ್ನು ಹಾಡಿದವರು ಕ್ಲೇರ್ ಟೊರಿ. 1973ರ ಜನವರಿಯಲ್ಲಿ ಸ್ಟುಡಿಯೋಗೆ ಬಂದು ಅಲ್ಲೇ ಹೊಳೆದದ್ದನ್ನು ಹಾಡಿ ಹೋದರು. ಕೊಟ್ಟದ್ದು 30 ಪೌಂಡ್. ಸ್ವರ ಸಂಯೋಜನೆಯಲ್ಲಿ ತನ್ನ ಪಾಲೂ ಇದೆ ಎಂದು 2004ರಲ್ಲಿ ಅವರು ಕೋರ್ಟಿಗೆ ಹೋದರು. 2005ರಲ್ಲಿ ರಾಜಿಯಾಯಿತು. ಆಮೇಲಿನ ಪ್ರತಿಗಳಲ್ಲಿ ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಹೆಸರಿನ ಜೊತೆ ಅವರ ಹೆಸರೂ ಬಂತು.

ಈ ಕಥೆ ಕೇಳಿದ ಮೇಲೆ ನಮ್ಮ ಗಾಯಕಿ ಸುಮ್ಮನೆ ಕೂರಲಿಲ್ಲ. ‘ಮತ್ತ ನನಗ ಎಷ್ಟು ಕೊಡ್ತೀರಿ? ಪಾಲು ಹೆಂಗ?’ ಅಲ್ಲಿವರೆಗೆ ದುಡ್ಡಿನ ಮಾತು ಯಾರೂ ಎತ್ತಿರಲಿಲ್ಲ. ಬ್ಯಾಂಡಿನವರು ಉಳಿದ ಐವರನ್ನು ‘ಅತಿಥಿ ಕಲಾವಿದರು’ ಅನ್ನುತ್ತಿದ್ದರು. ಪೋಸ್ಟರಿನಲ್ಲೂ ಹಾಗೇ ಹಾಕಿಸಲು ಹೊರಟಿದ್ದರು. ಅತಿಥಿಗೆ ಶಾಲು ಸಿಗುತ್ತದೆ, ಪಾಲು ಸಿಗುವುದಿಲ್ಲ. ಒಂದಿಷ್ಟು ಬಿಸಿ ಮಾತು ನಡೆಯಿತು. ಹಾಲ್ ಬಾಡಿಗೆ, ಲೈಟು, ಸೌಂಡ್ ಖರ್ಚು ಕಳೆದು ಉಳಿದದ್ದನ್ನು ಒಂಬತ್ತು ಸಮಪಾಲು ಮಾಡುವುದೆಂದು ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಿದರು. ಪೋಸ್ಟರಿನಲ್ಲಿ ಒಂಬತ್ತು ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಬಂತು. ಇಂಥ ಕೂಟ ಕಟ್ಟುವವರು ಈ ಕಾಗದವನ್ನು ಮೊದಲ ದಿನವೇ ಮಾಡಿಕೊಳ್ಳುವುದು ಒಳ್ಳೆಯದು.

ನಮ್ಮ ಗಾಯಕಿ ಹಾಡಿದ್ದು ಟೊರಿಯ ನಕಲು ಅಲ್ಲ. ಮಂದ್ರದಿಂದ ಶುರು ಮಾಡಿ, ಕೀಬೋರ್ಡಿನ ಎರಡು ಕಾರ್ಡುಗಳ ಮೇಲೆ ನಿಧಾನವಾಗಿ ಸ್ವರ ಸ್ವರ ಬೆಳೆಸುತ್ತ ಬಢತ್ ಮಾಡಿ, ತಾರ ಷಡ್ಜಕ್ಕೆ ಬಂದಾಗ ಮೂಲದ ಆ ಗುರುತಿನ ಕೂಗು ಒಂದೇ ಸಲ. ಗಂಗೂಬಾಯಿ ಹಾನಗಲ್ ಹಾಡಿದ ಊರಿನಲ್ಲಿ ಹೆಣ್ಣುದನಿಯ ಮಂದ್ರ ಕೇಳಿ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ರಾಕ್ ಕೇಳಲು ಬಂದ ಹುಡುಗರಿಗೆ ಆಯಿತು.

ಕನ್ನಡ ಸಾಹಿತ್ಯ ಯಾಕೆ ಹಾಕಲಿಲ್ಲ

ಎಲ್ಲರೂ ಕೇಳಿದ ಪ್ರಶ್ನೆ ಇದು. ಹಾಕಬೇಕೆಂದೇ ಇತ್ತು, ಎರಡು ಹಾಡು ಅನುವಾದವೂ ಆಗಿತ್ತು. ಒಬ್ಬ ವಕೀಲ ಗೆಳೆಯರು ತಡೆದರು. ಅನುವಾದ ಮಾಡಿ ಹಾಡುವ ಹಕ್ಕು ಮೂಲ ಕೃತಿಯ ಒಡೆಯರದು, ಅವರ ಒಪ್ಪಿಗೆ ಬೇಕು. ಲೈವ್ ಪ್ರದರ್ಶನಕ್ಕೆ, ಹಾಡು ಬರೆದವರ ಮತ್ತು ಸ್ವರ ಹಾಕಿದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಲೈಸನ್ಸ್ ತೆಗೆದುಕೊಂಡರೂ ಅದರಲ್ಲಿ ಅನುವಾದದ ಹಕ್ಕು ಬರುವುದಿಲ್ಲ. ರೆಕಾರ್ಡ್ ಮಾಡಿ ಹೊರತರುವುದು ಇನ್ನೂ ತೊಡಕು. ನಮ್ಮ ಕಾಪಿರೈಟ್ ಕಾಯ್ದೆಯ 31ಸಿ ಕಲಮಿನಲ್ಲಿ ಕವರ್ ವರ್ಷನ್‌ಗೆ ದಾರಿ ಇದೆ. ಆದರೆ ತಾಂತ್ರಿಕವಾಗಿ ಬೇಕೇಬೇಕು ಅನ್ನುವಷ್ಟು ಬಿಟ್ಟು ಕೃತಿಯಲ್ಲಿ ಬೇರೆ ಬದಲಾವಣೆ ಮಾಡುವಂತಿಲ್ಲ. ಪ್ರತಿ ಕೃತಿಗೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಮುಂಗಡ ಕಟ್ಟಬೇಕು. ರೂಪಕ, ತಿಹಾಯಿ, ಬಢತ್ ಎಲ್ಲ ಸೇರಿಸಿದ ಮೇಲೆ ‘ಬದಲಾವಣೆ ಮಾಡಿಲ್ಲ’ ಅನ್ನುವುದು ಹೇಗೆ?

ಹಾಗಾಗಿ ಹಾಡಿದಷ್ಟು ಸಾಲುಗಳು ಇಂಗ್ಲಿಷಿನಲ್ಲೇ ಉಳಿದವು. ಕನ್ನಡ ಬಂದದ್ದು ರೆಕಾರ್ಡ್ ತಿರುವಿ ಹಾಕುವ ಜಾಗದಲ್ಲಿ. ಮೊದಲ ಬದಿ ‘ಗ್ರೇಟ್ ಗಿಗ್’ಗೆ ಮುಗಿಯುತ್ತದೆ, ಎರಡನೆಯದು ‘ಮನಿ’ಯಿಂದ ಶುರು. ಆ ನಡುವೆ ಹಲಗಿ ಕಲಾವಿದ ದಮ್ಮಡಿ ಹಿಡಿದು ಶಿಶುನಾಳ ಶರೀಫರ ಒಂದು ತತ್ವಪದ ಹಾಡಿದರು. ಶರೀಫರು ತೀರಿಕೊಂಡದ್ದು 1889ರಲ್ಲಿ, ಪದಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ಆದರೆ ನಮಗೆಲ್ಲ ಬಾಯಿಗೆ ಬರುವ ಧಾಟಿಗಳಲ್ಲಿ ಹೆಚ್ಚಿನವು ಸಿ. ಅಶ್ವತ್ಥ್ ಅವರು ಹಾಕಿದ್ದು, ಅವು ಬೇರೆ ಲೆಕ್ಕ. ಅದಕ್ಕೇ ಹಲಗಿ ಕಲಾವಿದ ತಮ್ಮ ಊರಿನ ಭಜನಿ ಮೇಳದ ಹಳೇ ಧಾಟಿ ಹಿಡಿದರು. ಪಿಂಕ್ ಫ್ಲಾಯ್ಡ್ ಸ್ವರದ ಮೇಲೆ ಶರೀಫರನ್ನು ಕೂರಿಸುವ ಆಸೆ ಒಬ್ಬಿಬ್ಬರಿಗೆ ಇತ್ತು. ಆಗಲಿಲ್ಲ, ಒಳ್ಳೆಯದೇ ಆಯಿತು. ಎರಡೂ ಪಕ್ಕಪಕ್ಕ ನಿಂತಾಗ ಸಾವು, ರೊಕ್ಕ, ಹುಚ್ಚು ಎಲ್ಲದರ ಬಗ್ಗೆ ಇಬ್ಬರೂ ಮಾತಾಡುತ್ತಿರುವುದು ತಾನಾಗಿ ಕೇಳಿಸಿತು.

ಪ್ರದರ್ಶನ

ಧಾರವಾಡದ ಒಂದು ಸಣ್ಣ ಸಭಾಂಗಣ, ಮಳೆಗಾಲದ ಸಂಜೆ. ಆಲ್ಬಮ್ಮಿನ ಮೊದಲಲ್ಲಿ ಕೇಳುವ ಎದೆಬಡಿತ ಮೂಲದಲ್ಲಿ ಬಟ್ಟೆ ತುಂಬಿದ ಬೇಸ್ ಡ್ರಮ್ಮಿನದು. ಇಲ್ಲಿ ಡೊಳ್ಳಿಗೆ ಕಂಬಳಿ ಸುತ್ತಿ ಬಾರಿಸಿದರು. ನನ್ನ ಮೈಕಿಗೆ ಅದಕ್ಕಿಂತ ಒಳ್ಳೆಯ ಸದ್ದು ಆವತ್ತು ಬೇರೆ ಸಿಗಲಿಲ್ಲ.

‘ಆನ್ ದ ರನ್’ ಬಿದ್ದುಹೋಯಿತು. ಬೆಟಗೇರಿಯ ಕೈಮಗ್ಗದ ಲಟಪಟ ಸದ್ದು ರೆಕಾರ್ಡ್ ಮಾಡಿ ಲೂಪ್ ಹಾಕಿದ್ದರು. ಕೇಳಲು ಚೆಂದ, ಆದರೆ ಮಗ್ಗದ ನಡೆಯಲ್ಲಿ ಒಂದು ನೆಮ್ಮದಿ ಇದೆ. ಆ ಟ್ರ್ಯಾಕಿಗೆ ಬೇಕಾದದ್ದು ಓಟದ ದಿಗಿಲು. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಹುಬ್ಬಳ್ಳಿಯಲ್ಲೇ ಇರುವಾಗ, ಲಗೇಜ್ ಹೊತ್ತು ಅದರ ತುದಿಗೆ ಓಡಿದವರಿಗೆಲ್ಲ ಆ ದಿಗಿಲು ಗೊತ್ತಿರುವಾಗ, ಮಗ್ಗ ಯಾಕೆ ಬೇಕಿತ್ತು ಅಂತ ಡ್ರಮ್ಮರ್ ಆಮೇಲೆ ಕೇಳಿದ. ಸರಿಯಾಗೇ ಕೇಳಿದ.

‘ಟೈಮ್’ ಅರ್ಧ ಗೆದ್ದಿತು. ಶುರುವಿನಲ್ಲಿ ಪಿಂಕ್ ಫ್ಲಾಯ್ಡ್‌ನ ಡ್ರಮ್ಮರ್ ನಿಕ್ ಮೇಸನ್ ರೋಟೋಟಾಮ್ ಡ್ರಮ್ಮು ಬಾರಿಸುವ ಭಾಗವನ್ನು ಹಲಗಿಗೆ ಕೊಟ್ಟಿದ್ದರು. ಮಳೆಗೆ ಚರ್ಮ ಸಡಿಲಾಗಿತ್ತು, ಬೆಂಕಿಗೆ ಕಾಯಿಸಬೇಕು. ಹಾಲಿನವರು ಬೆಂಕಿಗೆ ಒಪ್ಪಲಿಲ್ಲ. ಹಿಂದೆ ಒಂದು ಕರೆಂಟ್ ಒಲೆ ಇಟ್ಟು ಕಾಯಿಸಿದರು. ಹಲಗಿ ನುಡಿದಷ್ಟೂ ಹೊತ್ತು ಜನ ಉಸಿರು ಬಿಗಿಹಿಡಿದಿದ್ದರು. ಆಮೇಲೆ ಗಿಟಾರ್ ಹುಡುಗ ಪಿಂಕ್ ಫ್ಲಾಯ್ಡ್‌ನ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್‌ನ ಸೋಲೋವನ್ನು ಸ್ವರಕ್ಕೆ ಸ್ವರ ನುಡಿಸಿದ. ತಪ್ಪಿರಲಿಲ್ಲ, ಆದರೆ ಕರಿ 3ರಲ್ಲಿ ಸಿತಾರ್, ಗಾಯಕಿ ಇಬ್ಬರೂ ಕೈ ಕಟ್ಟಿ ಕೂತಿದ್ದರು. ಒಂಬತ್ತು ಜನರ ತಂಡ ಅಷ್ಟು ಹೊತ್ತು ನಾಲ್ವರದಾಯಿತು. ಆವತ್ತು ಆಲ್ಬಂ ಸಪ್ಪೆ ಅನ್ನಿಸಿದ್ದೆಲ್ಲ ಇಂಥ ಕಡೆ, ರೆಕಾರ್ಡಿಗೆ ಅತಿ ಹತ್ತಿರ ಹೋದ ಕಡೆ.

ಕೊನೆಯ ‘ಎಕ್ಲಿಪ್ಸ್’ ಆರರ ನಡೆ, ದಾದ್ರಾ ತಾಳ. ಅಲ್ಲಿಗೆ ಬರುವಾಗ ಎಲ್ಲರ ಕೈ ಕಾದಿತ್ತು. ಮಾಸ್ತರರು ಚುರುಕಾದ ಲಗ್ಗಿ ಹಾಕಿದರು, ಹಲಗಿ ಸೇರಿತು. ಡ್ರಮ್ಮರ್ ಮೊದಲ ಸಲ ಕಣ್ಣು ಮುಚ್ಚಿ ನುಡಿಸಿದ್ದು ಕಂಡೆ. 43 ನಿಮಿಷದ್ದು ಒಂದು ತಾಸು ದಾಟಿತ್ತು. ಮುಂದಿನ ಸಾಲಿನ ಹಿರಿಯರೊಬ್ಬರು ‘ಟೈಮ್’ ಮುಗಿದ ಕೂಡಲೇ ಎದ್ದು ಹೋಗಿದ್ದರು. ಇನ್ನೊಬ್ಬರು ಕೊನೆಗೆ ವೇದಿಕೆ ಹತ್ತಿರ ಬಂದು ಗಾಯಕಿಯನ್ನು ಕೇಳಿದರು, ‘ಬಾಯಾರ, ಅದು ಬಾಗೇಶ್ರೀ ರಾಗ ಆಗಿತ್ತೇನ್ರಿ?’ ಅವರು ‘ಕಾಫಿರೀ’ ಅಂದರು. ಮತ್ತೊಂದು ಚರ್ಚೆ ಶುರುವಾಯಿತು.

ಖರ್ಚು ಕಳೆದು ಪ್ರತಿಯೊಬ್ಬರ ಪಾಲಿಗೆ ಬಂದದ್ದು ಬಹಳ ಸಣ್ಣ ಮೊತ್ತ. ರೆಕಾರ್ಡಿಂಗ್ ನನ್ನ ಹಾರ್ಡ್ ಡಿಸ್ಕಿನಲ್ಲಿದೆ, ಒಪ್ಪಿಗೆ ಸಿಗುವವರೆಗೆ ಎಲ್ಲೂ ಹಾಕುವುದಿಲ್ಲ. ಎರಡನೇ ಪ್ರದರ್ಶನ ಗದಗಿನಲ್ಲಿ ಮಾಡುವ ಮಾತು ನಡೆದಿದೆ. ಮಗ್ಗದ ಲೂಪ್ ತೆಗೆದಾಗಿದೆ. ‘ಟೈಮ್’ ಅನ್ನು ಬಿಳಿ 2ಕ್ಕೆ ಇಳಿಸಲು ಗಿಟಾರ್ ಹುಡುಗ ಒಪ್ಪಿದ್ದಾನೆ, ಸೋಲೋದ ಎರಡನೇ ಸುತ್ತು ಸಿತಾರಿಗೆ. ತಾರೀಖು ಮಾತ್ರ ಇನ್ನೂ ಗೊತ್ತಾಗಿಲ್ಲ. ಕ್ಲ್ಯಾರಿನೆಟ್ ಕಾಕಾ ಮದುವೆ ಮುಹೂರ್ತ ಇರುವ ದಿನ ಯಾರಿಗೂ ಸಿಗುವುದಿಲ್ಲ, ಪಂಚಾಂಗ ನೋಡಿ ಹೇಳುತ್ತೇನೆ ಅಂದಿದ್ದಾರೆ.